ವಾಸಪ್ಪಗೌಡರ ಕೋವಿಯ ಸೀಸ

ಮನುಷ್ಯನಿಗೆ ತನ್ನ ವಸ್ತುಗಳ ಮೇಲಿರುವ ಅಭಿಮಾನಕ್ಕೂ ಅವುಗಳ ಪರಿಚಯಕ್ಕೂ ಏನೂ ಸಂಬಂಧವಿಲ್ಲ ಎಂಬುದು ನನಗೆ ನಲವತ್ತೇಳನೆಯ ವಯಸ್ಸಿನಲ್ಲಿ ಗೊತ್ತಾಯಿತು. ಮದುವೆಮನೆಯಿಂದ ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದು, ಮಾರನೆಯ ದಿನ ಹೆಬ್ಬೆರಳು ಯಾಕೆ ಒತ್ತುತ್ತಿದೆ ಎಂದು ಯೋಚಿಸುತ್ತ ಕುಳಿತವರು ಬೇಕಾದಷ್ಟು ಜನ ಇದ್ದಾರೆ. ಕೊಡೆ ಬದಲಾಗುವುದನ್ನಂತೂ ನಮ್ಮ ಕಡೆ ಯಾರೂ ಮಾತಿಗೇ ತೆಗೆದುಕೊಳ್ಳುವುದಿಲ್ಲ. ಆದರೆ ಪಕ್ಕದ ತೋಟದವರ ಕೋವಿಯನ್ನು ತನ್ನದೆಂದು ಮನೆಗೆ ತಂದು, ಮೂರು ವಾರ ಜಗಲಿಯಲ್ಲಿ ಕುಳಿತು, ಅದರ ನಳಿಗೆಯೊಳಗೆ ಮೆತ್ತಿಕೊಂಡಿದ್ದ ಸೀಸವನ್ನೆಲ್ಲ ಉಜ್ಜಿ ತೆಗೆದು, ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಮಾಡಿ ಒಪ್ಪಿಸಿದವನು ಮಲ್ಲಂದೂರಿನಿಂದ ಕಳಸದವರೆಗೆ ಹುಡುಕಿದರೂ ನಾನೊಬ್ಬನೇ ಸಿಗಬಹುದು. ಇದನ್ನು ನಾನೇ ಹೇಳಿಕೊಳ್ಳುತ್ತಿರುವುದು ಪ್ರಾಮಾಣಿಕತೆಯಿಂದಲ್ಲ. ಉಳಿದವರೆಲ್ಲ ಆಗಲೇ ಹೇಳಿ ಮುಗಿಸಿದ್ದಾರೆ, ಅದೂ ಅವರವರಿಗೆ ಬೇಕಾದ ಹಾಗೆ.

ಮೊದಲು ಕೋವಿಯ ವಿಚಾರ. ನನ್ನ ತಂದೆಯೂ ಪಕ್ಕದ ತೋಟದ ವಾಸಪ್ಪಗೌಡರ ತಂದೆಯೂ ಒಂದೇ ದಿನ, ಒಂದೇ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿ, ಒಂದೇ ಅಂಗಡಿಯಲ್ಲಿ ಒಂದೊಂದು ಜೋಡಿ ನಳಿಗೆಯ ಕೋವಿ ಕೊಂಡು ತಂದಿದ್ದರು. ಒಂದೇ ಕಾರ್ಖಾನೆಯ ಮಾಲು, ಒಂದೇ ಬಣ್ಣದ ಮರದ ಹಿಡಿ, ಒಂದರ ಹಿಂದೆ ಒಂದು ನಂಬರ್. ಇಬ್ಬರೂ ತೀರಿಕೊಂಡ ಮೇಲೆ ಲೈಸೆನ್ಸು ನಮ್ಮಿಬ್ಬರ ಹೆಸರಿಗೆ ಬಂತು. ಲೈಸೆನ್ಸಿನಲ್ಲಿ ಕಾರಣ ಎಂಬ ಕಡೆ 'ಬೆಳೆ ರಕ್ಷಣೆ' ಎಂದು ಬರೆದಿದೆ. ವಾಸಪ್ಪಗೌಡರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಕಾನೂನು ಬಿಗಿಯಾದ ಮೇಲೆ ನಮ್ಮ ಕಡೆ ಯಾರೂ ಹಂದಿಯನ್ನು ಕೊಲ್ಲುವುದಿಲ್ಲ, ಬರೀ ಹೆದರಿಸುತ್ತಾರೆ. ಕೆಲವು ಹಂದಿಗಳು ಸ್ವಭಾವತಃ ಅಂಜುಬುರುಕವಾಗಿರುವುದರಿಂದ ಹೆದರಿ ಸಾಯುತ್ತವೆ, ಅಷ್ಟೆ. ವಾಸಪ್ಪಗೌಡರ ತೋಟದಲ್ಲಿ ಇಂಥ ಅಂಜುಬುರುಕ ಹಂದಿಗಳು ಜಾಸ್ತಿ. ನನ್ನ ತೋಟದ ಹಂದಿಗಳು ಧೈರ್ಯಸ್ಥವು. ನಾನು ಒಮ್ಮೆ ಏಲಕ್ಕಿ ಮಟ್ಟಿಯ ಹತ್ತಿರ ಆಕಾಶಕ್ಕೆ ಈಡು ಹೊಡೆದಾಗ ಒಂದು ಹಂದಿ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಕೆದಕುವ ಕೆಲಸಕ್ಕೆ ಹೋಯಿತು. ಅದಾದ ಮೇಲೆ ನಮ್ಮ ಕೋವಿ ನಡುಮನೆಯ ಗೋಡೆಯ ಮೇಲೆ, ನನ್ನ ಹೆಂಡತಿ ಶಾರದ ಹೊಲಿದ ಹಸಿರು ಬಟ್ಟೆಯ ಗವುಸಿನೊಳಗೆ ನೆಮ್ಮದಿಯಾಗಿತ್ತು. ಬಂದ ನೆಂಟರು ಅದನ್ನು ನೋಡಿ ಸ್ವಲ್ಪ ಮೆತ್ತಗೆ ಮಾತನಾಡುತ್ತಿದ್ದರು. ನನಗೆ ಕೋವಿಯಿಂದ ಅದಕ್ಕಿಂತ ಹೆಚ್ಚಿನ ಉಪಯೋಗ ಬೇಕಿರಲಿಲ್ಲ.

ಆ ನೆಮ್ಮದಿ ಕೆಟ್ಟದ್ದು ನಮ್ಮ ಬೆಳೆಗಾರರ ಸಂಘದ ಸಭೆಯಲ್ಲಿ. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲಿನ ಭಾನುವಾರ ಸಂಘದವರು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ನಲವತ್ತು ಹೆಜ್ಜೆ ದೂರದಲ್ಲಿ ಕಾಯಿ ಕಟ್ಟಿರುತ್ತಾರೆ, ಒಬ್ಬರಿಗೆ ಮೂರು ಈಡು. ಕಾಳುಕಾಳಾಗಿ ಚದುರುವ ಚರೆ ಹಾಕುವ ಹಾಗಿಲ್ಲ. ಹೆಬ್ಬೆರಳು ಗಾತ್ರದ ಒಂಟಿ ಸೀಸದ ಗುಂಡನ್ನೇ ಹೊಡೆಯಬೇಕು. ನಾನು ಸಂಘದ ಕಾರ್ಯದರ್ಶಿಯಾದ್ದರಿಂದ ಪ್ರತಿ ವರ್ಷ ಕಾಯಿ ತರುವುದು, ಹಗ್ಗ ತರುವುದು, ಹೆಸರು ಬರೆದುಕೊಳ್ಳುವುದು ನನ್ನ ಕೆಲಸ. ಆ ವರ್ಷ ಹೆಸರು ಬರೆದುಕೊಳ್ಳುತ್ತಿದ್ದಾಗ ವಾಸಪ್ಪಗೌಡರು ನನ್ನ ಮುಂದೆ ನಿಂತು, ಬಹಳ ಮೃದುವಾಗಿ, "ನಿಮ್ಮ ಹೆಸರೂ ಬರ್ಕೊಳ್ಳಿ ಮಾರಾಯ್ರೇ. ನಿಮ್ಮ ಕೋವಿ ಆಯುಧಪೂಜೆಗೆ ಕುಂಕುಮ ಹಚ್ಚಿಸ್ಕೊಳ್ಳೋದು ಬಿಟ್ರೆ ಬೇರೆ ಏನೂ ಕಂಡಿಲ್ಲ ಪಾಪ" ಎಂದರು. ಹಿಂದೆ ನಿಂತಿದ್ದ ಐದಾರು ಜನ ನಕ್ಕರು. ಅವರಲ್ಲಿ ಇಬ್ಬರಿಗೆ ಕೋವಿಯೇ ಇಲ್ಲ. ನಾನು ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು ಬರೆದೆ. ಅಕ್ಷರ ಮಾತ್ರ ನನ್ನದರ ಹಾಗೆ ಕಾಣಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಎಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕು, ಫಲಿತಾಂಶ ಬಂದ ಮೇಲೆ ಹೋಗಿ ತರಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ ಸರ್ಕಾರಗಳು ಒಂದರ ಮೇಲೊಂದು ಬೀಳುತ್ತಿದ್ದ ಕಾಲ. ನಮ್ಮ ಕೋವಿಗಳು ಠಾಣೆಯಲ್ಲೇ ವಾಸವಾಗಿದ್ದು, ರಜೆಯ ಮೇಲೆ ಮನೆಗೆ ಬರುವ ಸೈನಿಕರ ಹಾಗೆ ಆಗಾಗ ಬಂದು ಹೋಗುತ್ತಿದ್ದವು. ಆ ಸಲ ನಾನು ತರಲು ಹೋದಾಗ ಠಾಣೆಯ ಮೂಲೆಯಲ್ಲಿ ಹತ್ತಾರು ಕೋವಿಗಳು ಕಟ್ಟಿಗೆಯ ಹಾಗೆ ಒರಗಿದ್ದವು. ಹೆಸರಿನ ಚೀಟಿಗಳು ಕೆಲವದರಲ್ಲಿ ಇದ್ದವು, ಕೆಲವದರಲ್ಲಿ ದಾರ ಮಾತ್ರ ಉಳಿದಿತ್ತು. ನಮ್ಮ ಹಸಿರು ಗವುಸು ನೆಲದ ಮೇಲೆ ಬಿದ್ದಿತ್ತು, ಅದರ ಪಕ್ಕದಲ್ಲೇ ನಮ್ಮ ಕೋವಿ. ನಾನು ಎತ್ತಿಕೊಂಡೆ. ಠಾಣೆಯ ರೈಟರು ರಿಜಿಸ್ಟರಿನಿಂದ ತಲೆಯೆತ್ತಿ, "ನಂಬರ್ ಒಂದ್ಸಲ ನೋಡ್ಕೊಂಡು ಸೈನ್ ಹಾಕಿ ಸಾರ್" ಎಂದರು. ನಾನು, "ಅಪ್ಪನ ಕಾಲದ್ದು ಸ್ವಾಮಿ. ಕಣ್ಣು ಮುಚ್ಚಿ ಹಿಡಿದ್ರೂ ನನ್ನ ಕೋವಿ ನನಗೆ ಗೊತ್ತಾಗ್ತದೆ" ಎಂದು ಸಹಿ ಹಾಕಿದೆ. ಈ ಮಾತನ್ನು ಹೇಳುವಾಗ ನಾನು ಎದೆಯನ್ನು ಸ್ವಲ್ಪ ಮುಂದಕ್ಕೆ ತಂದಿದ್ದೆ ಎಂಬುದು ನನಗೆ ಈಗಲೂ ನೆನಪಿದೆ. ಆ ರೈಟರದ್ದು ಏನೂ ತಪ್ಪಿಲ್ಲ, ಅವರು ಕೇಳಬೇಕಾದ್ದನ್ನು ಕೇಳಿದರು.

ಮನೆಗೆ ತಂದ ಮರುದಿನವೇ ಅಭ್ಯಾಸ ಶುರು ಮಾಡಿದೆ. ತೋಟದ ಕೆಳಗೆ, ಗೋಡೆಯ ಹಾಗೆ ನಿಂತ ಮಣ್ಣಿನ ಧರೆಯ ಮುಂದೆ ಒಂದು ಹಳೆ ಹಲಗೆ ನಿಲ್ಲಿಸಿ, ಅದರ ಮೇಲೆ ಸುಣ್ಣದಲ್ಲಿ ತೆಂಗಿನಕಾಯಿಯ ಗಾತ್ರದ ದುಂಡು ಗುರುತು ಬರೆದು, ನಲವತ್ತು ಹೆಜ್ಜೆ ಅಳೆದು ನಿಂತು ಐದು ಈಡು ಹೊಡೆದೆ. ಒಂದು ಹಲಗೆಯ ಮೇಲಿನ ಮೂಲೆಗೆ ತಾಗಿತು. ಒಂದು ಕೆಳಗಿನ ಮಣ್ಣಿಗೆ. ಎರಡು ಎಲ್ಲಿ ಹೋದವೋ ತಿಳಿಯಲಿಲ್ಲ. ಐದನೆಯದು ಪಕ್ಕದ ಸಿಲ್ವರ್ ಓಕ್ ಮರದ ಮೆಣಸಿನ ಬಳ್ಳಿಯನ್ನು ಕತ್ತರಿಸಿತು. ಬೆಳೆ ರಕ್ಷಣೆಯ ಕೋವಿಯಿಂದ ನಾನು ಇಷ್ಟು ವರ್ಷದಲ್ಲಿ ತೋಟದಲ್ಲಿ ಉರುಳಿಸಿದ್ದು ಅದೊಂದೇ. ಮೇಸ್ತ್ರಿ ತಿಮ್ಮಪ್ಪ ದೂರದಲ್ಲಿ ನಿಂತು ನೋಡುತ್ತಿದ್ದವನು ಬಂದು, "ಠಾಣೆಲಿ ಇದ್ದು ಬಂದಿದೆಯಲ್ಲ ಅಯ್ಯ, ದೃಷ್ಟಿ ಆಗಿರ್ತದೆ" ಎಂದ. ಸಂಘದಲ್ಲಿ ಒಬ್ಬರು ಹುಣಸೆಹುಳಿ ಕದಡಿ ನಳಿಗೆಗೆ ಹೊಯ್ಯಿರಿ ಎಂದರು. ಇನ್ನೊಬ್ಬರು ಪಾದರಸ ಎಂದರು. ಮೂಡಿಗೆರೆಯ ನಮ್ಮ ಭಾವ ಫೋನಿನಲ್ಲಿ, ತೋಟಾದೊಳಗಿನ ಸಿಡಿಮದ್ದು ತೇವ ಹಿಡಿದಿರಬೇಕು ಎಂದು ಅರ್ಧ ಗಂಟೆ ವಿವರಿಸಿದ. ನನ್ನ ಕೈಯೋ ಕಣ್ಣೋ ಸರಿಯಿಲ್ಲದಿರಬಹುದು ಎಂದು ಯಾರೂ ಹೇಳಲಿಲ್ಲ. ನಮ್ಮ ಕಡೆಯ ಜನ ಅಷ್ಟು ಒಳ್ಳೆಯವರು. ಮನೆಯೊಳಗೆ ಒಬ್ಬಳು ಹೇಳಿದಳು, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಕೋವಿಯನ್ನು ತೋರಿಸಿದ್ದು ಫಿಟ್ಟರ್ ವಿನ್ಸೆಂಟನಿಗೆ. ಕುದುರೆಮುಖದ ಗಣಿಯಲ್ಲಿ ಬಹಳ ವರ್ಷ ಫಿಟ್ಟರ್ ಆಗಿದ್ದು ಬಿಟ್ಟು ಬಂದು, ನಮ್ಮ ಊರಿನ ಕ್ರಾಸಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಕಬ್ಬಿಣದ ವಿಷಯದಲ್ಲಿ ಅವನು ಯಾರ ಮುಲಾಜೂ ನೋಡುವುದಿಲ್ಲ. ಅವನು ಮನೆಗೇ ಬಂದು, ಮೊದಲು ಕೋವಿಯನ್ನು ಮರಳಿನ ಚೀಲದ ಮೇಲೆ ಊರಿ ತಾನೇ ಮೂರು ಈಡು ಹೊಡೆದ. "ನಿಮ್ಮ ಕೈ ಬಿಟ್ಟು ಕೋವಿ ಮಾತ್ರ ನೋಡೋಣ ಸಾರ್" ಎಂದು ಅವನು ಹೇಳಿದ ರೀತಿ ನನಗೆ ಹಿಡಿಸಲಿಲ್ಲ. ಆದರೆ ಅವನ ಗುಂಡುಗಳೂ ಮೂರು ದಿಕ್ಕಿಗೆ ಹೋದದ್ದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ಕೋವಿ ಖಾಲಿಯಿದೆಯೆಂದು ಎರಡೆರಡು ಸಲ ನೋಡಿ, ನಳಿಗೆಯನ್ನು ಹಿಡಿಯಿಂದ ಬಿಡಿಸಿ, ಒಂದು ತುದಿಯನ್ನು ಬೆಳಕಿಗೆ ಹಿಡಿದು ಇನ್ನೊಂದು ತುದಿಯಲ್ಲಿ ನನ್ನ ಕಣ್ಣಿಡಿಸಿದ. ಒಳಗೆಲ್ಲ ಬೂದುಬಣ್ಣದ ಉದ್ದುದ್ದ ಗೆರೆಗಳು, ನಡುನಡುವೆ ಉಬ್ಬುಗಳು. "ತುಕ್ಕಲ್ಲ ಸಾರ್ ಇದು. ಸೀಸ. ಒಂಟಿ ಗುಂಡು ಹೋಗುವಾಗ ನಳಿಗೆಗೆ ಮೈ ಸವರಿಕೊಂಡು ಹೋಗ್ತದೆ. ಒಂದೊಂದು ಸಲಕ್ಕೂ ಚೂರು ಚೂರು ಮೆತ್ತಿಕೊಳ್ತದೆ. ಅದರ ಮೇಲೆ ಹೋಗೋ ಗುಂಡು ಹೊಂಡದ ರಸ್ತೇಲಿ ಜೀಪು ಹೋದ ಹಾಗೆ ಹೋಗ್ತದೆ" ಎಂದ. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಒಂದೆರಡು ಈಡಿಗೆ ಇಷ್ಟು ಕೂರೋದಿಲ್ಲ. ಇಪ್ಪತ್ತು ವರ್ಷದ್ದು ಇರಬೇಕು. ಭಾರಿ ಹೊಡೆದಿದ್ದೀರಿ ನೀವು" ಎಂದ. ಅವನ ದನಿಯಲ್ಲಿ ಮೊದಲ ಸಲ ಗೌರವ ಕಂಡಿತು. ಅದನ್ನು ತಿದ್ದುವ ಮನಸ್ಸು ನನಗೆ ಬರಲಿಲ್ಲ.

ಉಪಾಯವನ್ನೂ ಅವನೇ ಹೇಳಿಕೊಟ್ಟ. ಪಾದರಸ ಮುಟ್ಟಬೇಡಿ, ಅದು ವಿಷ. ಉಕ್ಕಿನ ಜುಂಗು, ಮರಳು ಕಾಗದ ಹಾಕಿದರೆ ನಳಿಗೆಯೇ ಗೀರುತ್ತದೆ. ನಳಿಗೆಯ ಒಂದು ಬಾಯಿಗೆ ಬಿರಡೆ ಬಡಿದು, ಸೀಮೆಎಣ್ಣೆಗೆ ಮೆಷಿನ್ ಎಣ್ಣೆ ಬೆರೆಸಿ ತುಂಬಿ, ಒಂದು ಹಗಲು ಬಿಡಬೇಕು. ಆಮೇಲೆ ನಳಿಗೆಯೊಳಗೆ ತೂರಿಸುವ ಗಜವೆಂಬ ಸರಳಿನ ತುದಿಯ ಬ್ರಷ್ಷಿಗೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸುತ್ತಿ ಎಳೆದು ಎಳೆದು ಉಜ್ಜಬೇಕು. ತಾಮ್ರ ಸೀಸಕ್ಕಿಂತ ಗಟ್ಟಿ, ನಳಿಗೆಗಿಂತ ಮೆದು. ಬೇಕಾದ್ದನ್ನು ಕೆರೆಯುತ್ತದೆ, ಬೇಡದ್ದನ್ನು ಬಿಡುತ್ತದೆ. ತಂತಿಯನ್ನು ಅವನೇ ಸುಟ್ಟ ಮೋಟಾರೊಂದರಿಂದ ಬಿಚ್ಚಿ ಕೊಟ್ಟ. "ಉಜ್ಜಿದ ಮೇಲೆ ಕೈ ಸೋಪು ಹಾಕಿ ತೊಳೀದೆ ಊಟಕ್ಕೆ ಕೂರಬೇಡಿ" ಎಂದು ಎರಡು ಸಲ ಹೇಳಿ ಹೋದ.

ಮರುದಿನದಿಂದ ನನ್ನ ತಪಸ್ಸು. ಬೆಳಗಿನ ಕಾಫಿ ಆದ ಕೂಡಲೇ ಜಗಲಿಯಲ್ಲಿ ಪೇಪರ್ ಹಾಸಿಕೊಂಡು, ನಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಜ ಎಳೆಯಲು ಶುರು ಮಾಡಿದರೆ ಊಟದ ಹೊತ್ತಿಗೆ ಏಳುತ್ತಿದ್ದೆ. ಜೋಡಿ ನಳಿಗೆಯಾದ್ದರಿಂದ ಕಷ್ಟವೂ ಜೋಡಿ. ಮೊದಲ ಎರಡು ದಿನ ಬರೀ ಕಪ್ಪು ಎಣ್ಣೆ ಬಂತು. ಮೂರನೆಯ ದಿನ ಬಟ್ಟೆಯ ಚೂರಿನ ಜೊತೆಗೆ ಬೆಳ್ಳಿಯ ರೇಕಿನಂಥ ಒಂದು ಹಾಳೆ ಸುರುಳಿಯಾಗಿ ಪೇಪರಿನ ಮೇಲೆ ಬಿತ್ತು. ನನಗೆ ಆದ ಆನಂದವನ್ನು ಕಂಡು ಶಾರದ ಅಡಿಗೆಮನೆಯಿಂದ ಬಂದು ನೋಡಿದಳು. "ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ಕುಡಿದ ಲೋಟ ಎತ್ತಿ ಬಚ್ಚಲಿಗೆ ಇಟ್ಟಿದ್ದಿಲ್ಲ. ಹಂಡೆ ಉಜ್ಜಿ ಕೊಡಿ ಅಂದ್ರೆ ರಟ್ಟೆ ನೋವು ಅಂತಿದ್ರಿ. ಈಗ ನೋಡಿದ್ರೆ ಸ್ವರ್ಗದಲ್ಲಿ ಇದ್ದೀರಿ" ಎಂದಳು. ಹಂಡೆಗೂ ನಳಿಗೆಗೂ ಇರುವ ವ್ಯತ್ಯಾಸವನ್ನು ನಾನು ಅವಳಿಗೆ ತಿಳಿಸಿ ಹೇಳಲು ನೋಡಿದೆ. ಹಂಡೆ ದಿನಾ ಉಪಯೋಗಕ್ಕೆ ಬರುತ್ತದೆ ಎನ್ನುವುದೊಂದು ಬಿಟ್ಟರೆ ಬೇರೆ ವ್ಯತ್ಯಾಸ ಹೊಳೆಯಲಿಲ್ಲ. ಬಟ್ಟೆಯ ಚೂರಿಗೆ ಅವಳ ಹಳೆಯ ಕಾಟನ್ ಸೀರೆಯನ್ನು ಅವಳೇ ಹರಿದು ಕೊಟ್ಟಳು. ಹರಿಯುವಾಗ ಸ್ವಲ್ಪ ಜೋರಾಗಿಯೇ ಹರಿದಳು.

ಈಗ ನಾಚಿಕೆಯ ಭಾಗಕ್ಕೆ ಬರುತ್ತೇನೆ. ನನ್ನ ಕೋವಿಯಲ್ಲಿ ಇಷ್ಟು ಸೀಸ ಹೇಗೆ ಬಂತು ಎಂದು ನಾನು ಯೋಚಿಸಲಿಲ್ಲವೇ ಎಂದು ನೀವು ಕೇಳಬಹುದು. ಯೋಚಿಸಿದೆ. ಅಭ್ಯಾಸದ ಐದು ಬಿಟ್ಟರೆ ನಾನು ಒಟ್ಟಾರೆ ಏಳೆಂಟು ಈಡು ಹೊಡೆದಿದ್ದೆ, ಹೆಚ್ಚಿನವು ಆಕಾಶಕ್ಕೆ. ಹಾಗಾದರೆ ಇದು ಅಪ್ಪ ಹೊಡೆದ ಸೀಸ ಇರಬೇಕು ಎಂದು ತೀರ್ಮಾನಿಸಿದೆ. ಜಗಲಿಗೆ ಬಂದವರೆಲ್ಲ ಪೇಪರಿನ ಮೇಲಿನ ಸೀಸದ ಚೂರುಗಳನ್ನು ನೋಡಿ ಹುಬ್ಬೇರಿಸಿದಾಗ ಮೊದಲ ವಾರ ಹಾಗೆಯೇ ಹೇಳಿದೆ. ಎರಡನೆಯ ವಾರ ಅದು ಅಪ್ಪ ಮತ್ತು ನಾನು ಸೇರಿ ಹೊಡೆದ ಸೀಸವಾಯಿತು. ಮೂರನೆಯ ವಾರಕ್ಕೆ ಅಪ್ಪ ಕಥೆಯಿಂದ ಮರೆಯಾದರು. ಹಾಲು ಡೈರಿಯವನಿಗೆ, ಪೋಸ್ಟ್‌ಮ್ಯಾನಿಗೆ, ಗೊಬ್ಬರದ ಏಜೆಂಟನಿಗೆ ಒಂದೊಂದು ಹಾಳೆ ತೋರಿಸಿ ಒಂದೊಂದು ಹಂದಿಯ ಕಥೆ ಹೇಳಿದೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಕೈಯಲ್ಲಿ ಸಾಕ್ಷಿ ಇತ್ತು, ಸಾಕ್ಷಿಗೆ ತಕ್ಕ ಘಟನೆಯನ್ನು ಜ್ಞಾಪಿಸಿಕೊಳ್ಳುತ್ತಿದ್ದೆ, ಅಷ್ಟೆ.

ಈ ಕಥೆಗಳ ಅತ್ಯಂತ ಶ್ರದ್ಧಾವಂತ ಶ್ರೋತೃ ವಾಸಪ್ಪಗೌಡರು. ಎರಡು ಮೂರು ದಿನಕ್ಕೊಮ್ಮೆ ಬರುತ್ತಿದ್ದರು. ಬಂದವರು ಜಗಲಿಯ ಬೆಂಚಿನ ಮೇಲೆ ಕುಳಿತು, ಕಾಫಿ ಕುಡಿದು, ನಳಿಗೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿ, "ಬಲಗಡೇದು ಚೊಕ್ಕ ಆಗಿದೆ. ಎಡಗಡೇದರಲ್ಲಿ ತೋಟಾ ಕೂರೋ ಜಾಗದ ಮುಂದೆ ಇನ್ನೂ ಸ್ವಲ್ಪ ಇದ್ದ ಹಾಗೆ ಕಾಣ್ತದೆ ಮಾರಾಯ್ರೇ" ಎನ್ನುತ್ತಿದ್ದರು. ಸ್ಪರ್ಧೆಯಲ್ಲಿ ನನ್ನ ಎದುರಾಳಿಯೇ ಇಷ್ಟು ಮುತುವರ್ಜಿ ವಹಿಸುವುದನ್ನು ಕಂಡು ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಒಂದು ದಿನ ಎಡ ನಳಿಗೆಯಿಂದ ಎರಡು ಬೆರಳು ಉದ್ದದ ಹಾಳೆ ಬಂದಾಗ ನಾನು ಅವರಿಗೆ, "ಇದು ಯಾವುದು ಗೊತ್ತೇನ್ರೀ? ಕೆರೆ ಏರಿ ಹತ್ರದ ಒಂಟಿ ಸಲಗ ಹಂದಿ. ಮೂರು ಗುಂಡು ತಗೊಂಡ್ರೂ ನನ್ನ ಕಡೆಗೇ ನುಗ್ಗಿ ಬಂತು" ಎಂದು ಆ ಹಂದಿಯ ದಾಡೆಯ ಉದ್ದವನ್ನು ಗಜದ ಮೇಲೆ ತೋರಿಸಿದೆ. ವಾಸಪ್ಪಗೌಡರು ಲೋಟ ಕೆಳಗಿಟ್ಟು, "ಎಡಕ್ಕೆ ಬಂತೋ ಬಲಕ್ಕೆ ಬಂತೋ" ಎಂದು ಕೇಳಿದರು. ನಾನು ಎಡಕ್ಕೆ ಎಂದೆ. ಅವರು, "ಹೌದು, ಎಡಕ್ಕೇ" ಎಂದು ನಿಧಾನವಾಗಿ ತಲೆಯಾಡಿಸಿದರು. ನನ್ನ ಕಥೆಯಲ್ಲಿ ಅವರು ಅಷ್ಟು ಮುಳುಗಿದ್ದಾರೆ ಎಂದು ನಾನು ಹಿಗ್ಗಿದೆ.

ಸ್ಪರ್ಧೆಗೆ ಎರಡು ದಿನ ಇರುವಾಗ ಕೆಲಸ ಮುಗಿಯಿತು. ವಿನ್ಸೆಂಟ್ ಬಂದು ಮತ್ತೆ ಮರಳಿನ ಚೀಲದ ಮೇಲೆ ಊರಿ ಹೊಡೆದ. ಹಲಗೆಯ ಮೇಲಿನ ಮೂರು ತೂತುಗಳನ್ನೂ ಒಂದೇ ಅಂಗೈಯಲ್ಲಿ ಮುಚ್ಚಬಹುದಿತ್ತು. ನಾನು ಆ ಹಲಗೆಯನ್ನು ಹೊತ್ತು ತಂದು ಜಗಲಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದೆ. ಸಂಜೆ ವಾಸಪ್ಪಗೌಡರು ಬಂದರು. ಹಲಗೆಯನ್ನು ನೋಡಿದರು, ತೂತುಗಳ ಮೇಲೆ ತಾವೂ ಒಮ್ಮೆ ಅಂಗೈ ಇಟ್ಟು ನೋಡಿದರು. ಈ ಸಲ ಅವರ ಕೈಯಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಉದ್ದನೆಯ ಗಂಟೊಂದಿತ್ತು, ಜೇಬಿನಲ್ಲಿ ಲೈಸೆನ್ಸ್ ಪುಸ್ತಕ. ಪುಸ್ತಕವನ್ನು ಬಿಚ್ಚಿ ನನ್ನ ಮುಂದೆ ಹಿಡಿದು, "ಈ ನಂಬರ್ ಸ್ವಲ್ಪ ಓದಿ" ಎಂದರು. ಓದಿದೆ. "ಈಗ ನೀವು ಉಜ್ಜಿದ್ದರ ಮೇಲಿರೋ ನಂಬರ್ ಓದಿ" ಎಂದರು. ಓದಿದೆ. ಮೂರು ವಾರ ದಿನಾ ಎಣ್ಣೆ ಹಚ್ಚಿ ಒರೆಸಿದ್ದ ನಂಬರ್ ಅದು. ಅಷ್ಟು ಸ್ಪಷ್ಟವಾಗಿ ಕಾಣುವ ಹಾಗೆ ಮಾಡಿದ್ದೂ ನಾನೇ.

ನಾನು ಪುಸ್ತಕದ ನಂಬರನ್ನು ಇನ್ನೊಮ್ಮೆ ಓದಿದೆ. ಆಮೇಲೆ ನಾನು, "ನಿಮಗೆ ಯಾವಾಗ ಗೊತ್ತಾಯ್ತು" ಎಂದು ಕೇಳಿದೆ.

"ತಂದ ದಿನಾನೇ. ನಾನು ಠಾಣೆಗೆ ಹೋದಾಗ ಅಲ್ಲಿ ಈ ಥರದ್ದು ಒಂದೇ ಉಳಿದಿತ್ತು. ಗಡಿಬಿಡೀಲಿ ನಾನೂ ಹಾಗೇ ತಂದೆ, ಮನೇಲಿ ನಂಬರ್ ನೋಡಿದೆ. ಬದಲಾಯಿಸ್ಕೊಂಡು ಹೋಗೋಣ ಅಂತ ಎರಡು ದಿನ ಬಿಟ್ಟು ಬಂದೆ. ನೀವು ಸೀಮೆಎಣ್ಣೆ ತುಂಬ್ತಾ ಇದ್ರಿ. ಅಷ್ಟು ಮನಸ್ಸಿಟ್ಟು ಕೆಲಸ ಮಾಡೋರನ್ನ ನಡುವೆ ಎಬ್ಬಿಸಬಾರದು ಅಂತ ಸುಮ್ನಾದೆ."

"ಒಂದು ಮಾತು ಹೇಳಬಹುದಿತ್ತು."

"ಹೇಳೋಣ ಅಂತಲೇ ಪ್ರತಿ ಸಲ ಬರ್ತಿದ್ದೆ. ನೀವು ಹಂದಿ ವಿಷಯ ತೆಗೀತಿದ್ರಿ" ಎಂದು ಅವರು ನನ್ನ ಮುಖ ನೋಡದೆ ಹೇಳಿದರು. "ಆ ಕೆರೆ ಏರಿದು ನಿಜವಾಗ್ಲೂ ಎಡಕ್ಕೇ ಬಂದಿತ್ತು ಮಾರಾಯ್ರೇ. ನಿಮಗೆ ಹೇಗೆ ಗೊತ್ತಾಯ್ತೋ."

ಆಮೇಲೆ ಗೋಣಿತಾಟನ್ನು ಬಿಚ್ಚಿ ನನ್ನ ಕೋವಿಯನ್ನು ಬೆಂಚಿನ ಮೇಲೆ ಮಲಗಿಸಿದರು. "ನಿಮ್ಮದನ್ನೂ ಚೊಕ್ಕ ಮಾಡೋಣ ಅಂತ ಒಳಗೆ ನೋಡಿದೆ. ಮಾಡೋಕೆ ಏನೂ ಇರ್ಲಿಲ್ಲ, ಕನ್ನಡಿ ಇದ್ದ ಹಾಗೆ ಇದೆ. ಬಲಗಡೆ ನಳಿಗೇಲಿ ಒಂದು ಜೇಡ ಸಂಸಾರ ಮಾಡ್ಕೊಂಡಿತ್ತು. ಅದನ್ನ ಮಾತ್ರ ಎಬ್ಬಿಸಿದ್ದೀನಿ" ಎಂದರು. ಬಾಗಿಲ ಹಿಂದೆ ನಿಂತಿದ್ದ ಶಾರದ ಕಾಫಿ ತರುತ್ತೇನೆ ಎಂದು ಒಳಗೆ ಹೋದಳು. ಹೋದವಳು ಬಹಳ ಹೊತ್ತು ಬರಲಿಲ್ಲ. ಅಡಿಗೆಮನೆಯಿಂದ ಕೆಮ್ಮಿದ ಹಾಗೆ ಒಂದು ಸದ್ದು ಮಾತ್ರ ಬರುತ್ತಿತ್ತು. ಠಾಣೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕೇ ಎಂದು ನಾನು ಕೇಳಿದ್ದಕ್ಕೆ ವಾಸಪ್ಪಗೌಡರು, "ಹೋಗಲೇಬೇಕು, ಬೇರೆಯವರ ಕೋವಿ ಇಟ್ಕೊಂಡಿದ್ದು ಇಬ್ಬರದ್ದೂ ತಪ್ಪು" ಎಂದರು. ಮಾರನೆಯ ದಿನ ಇಬ್ಬರೂ ಒಂದೇ ಜೀಪಿನಲ್ಲಿ ಹೋದೆವು. ರೈಟರು ಎರಡೂ ನಂಬರುಗಳನ್ನು ತಾವೇ ಓದಿ, ರಿಜಿಸ್ಟರಿನಲ್ಲಿ ತಿದ್ದಿ, ನನ್ನಿಂದ ಹೊಸದಾಗಿ ಸಹಿ ಮಾಡಿಸಿಕೊಂಡರು. "ಈಗ ಕಣ್ಣು ತೆಗ್ದೇ ನೋಡಿ ಸಾರ್" ಎಂದಷ್ಟೇ ಹೇಳಿದರು. ಅದಕ್ಕಿಂತ ಎರಡು ದಿನ ಲಾಕಪ್ಪಿಗೆ ಹಾಕಿದ್ದರೆ ಸಲೀಸಾಗಿರುತ್ತಿತ್ತು.

ಸ್ಪರ್ಧೆಯ ದಿನ ನನಗೆ ಒಂದೇ ಒಂದು ಆಸೆ ಇತ್ತು. ನನ್ನ ಕೋವಿಯಲ್ಲಿ ಚೂರೂ ಸೀಸವಿಲ್ಲ, ಆದ್ದರಿಂದ ಗುಂಡು ನೆಟ್ಟಗೆ ಹೋಗಬೇಕು. ಹೋಯಿತು ಕೂಡ. ಮೂರು ಗುಂಡುಗಳೂ ತೆಂಗಿನಕಾಯಿಯಿಂದ ಒಂದೂವರೆ ಮೊಳ ಎಡಕ್ಕೆ, ಹಿಂದಿನ ಬಾಳೆದಿಂಡಿನಲ್ಲಿ, ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಹತ್ತಿರ ಹೊಕ್ಕವು. ಕೋವಿಯ ಗುರಿಯಲ್ಲಿ ಒಂದಿಷ್ಟೂ ದೋಷವಿರಲಿಲ್ಲ. ತೆಂಗಿನಕಾಯಿ ಬೇರೆ ಕಡೆ ಇತ್ತು. ಮೂರು ವಾರ ಸೀಸದ ಮೇಲೆ ಹೊರಿಸಿದ್ದ ತಪ್ಪನ್ನೆಲ್ಲ ಹೊತ್ತುಕೊಳ್ಳಲು ಈಗ ಅಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ವಾಸಪ್ಪಗೌಡರು ಮೊದಲ ಈಡಿಗೇ ಕಾಯಿ ಒಡೆದರು, ಎರಡನೆಯದನ್ನೂ ಒಡೆದರು, ಮೂರನೆಯದರಲ್ಲಿ ಕಾಯಿ ಕಟ್ಟಿದ್ದ ಹಗ್ಗ ತುಂಡಾಯಿತು. ಬಹುಮಾನ ತೆಗೆದುಕೊಳ್ಳುವಾಗ ಮೈಕು ಹಿಡಿದು, "ಇದರಲ್ಲಿ ನಂದೇನೂ ಇಲ್ಲ. ನನ್ನ ಕೋವಿ ಉಜ್ಜಿ ಕೊಟ್ಟೋರು ನಮ್ಮ ಕಾರ್ಯದರ್ಶಿಗಳು. ಈ ಸೀಮೇಲಿ ಸೀಸ ತೆಗೆಯೋದರಲ್ಲಿ ಅವರ ಸಮ ಯಾರೂ ಇಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಘದ ಸೇವೆಯಲ್ಲಿ ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಎದ್ದು ನಿಂತು ಕೈಮುಗಿದೆ. ಬೇರೆ ಏನು ಮಾಡುವುದಕ್ಕಾಗುತ್ತದೆ.

ಮುಂದಿನ ಭಾನುವಾರ ಹೊರನಾಡಿನ ಕಡೆಯಿಂದ ಒಬ್ಬರು ಕೋವಿ ಹಿಡಿದು ಬಂದರು. ಅದರ ಮುಂದಿನ ವಾರ ಇಬ್ಬರು. ಈಗ ನಾನು ಕಲಿತಿದ್ದೆ: ಕೋವಿಯನ್ನು ಬಿಟ್ಟು ಹೋಗುವಂತಿಲ್ಲ, ಯಜಮಾನರು ಕೋವಿಯ ಪಕ್ಕದಲ್ಲೇ ಕೂರಬೇಕು, ನಂಬರನ್ನು ಮೊದಲು ಅವರೇ ಗಟ್ಟಿಯಾಗಿ ಓದಬೇಕು. ಹಾಗಾಗಿ ಕಾಫಿ ಕೊಯ್ಲು ಬಿಟ್ಟು ಉಳಿದ ದಿನಗಳಲ್ಲಿ ನಮ್ಮ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಸಭೆಯೇ ಸೇರುತ್ತಿತ್ತು. ನಾನು ತಂತಿ ಸುತ್ತಿ ಗಜ ಎಳೆಯುತ್ತ ಕೂರುವುದು, ಅವರು ಶಾರದ ಕೊಟ್ಟ ಕಾಫಿ ಕುಡಿಯುತ್ತ ಹಂದಿಯ ಕಥೆ ಹೇಳುವುದು. ಒಂದೆರಡು ವರ್ಷದಲ್ಲಿ ನನಗೆ ಒಂದು ವಿದ್ಯೆ ಸಿದ್ಧಿಸಿತು. ನಳಿಗೆಗೆ ಕಣ್ಣಿಟ್ಟ ಕೂಡಲೇ ಆ ಮನುಷ್ಯ ಹೇಳಲಿರುವ ಕಥೆಯಲ್ಲಿ ಎಷ್ಟು ಭಾಗ ನಡೆದದ್ದು, ಎಷ್ಟು ಭಾಗ ನಡೆಯಬೇಕಾಗಿದ್ದದ್ದು ಎಂದು ಗೊತ್ತಾಗಿಬಿಡುತ್ತಿತ್ತು. ಬಹಳ ಮಾತಾಡುವವರ ನಳಿಗೆ ಸಾಮಾನ್ಯವಾಗಿ ಚೊಕ್ಕವಾಗಿರುತ್ತಿತ್ತು. ಮಾತೇ ಆಡದೆ ಮೂಲೆಯಲ್ಲಿ ಕೂರುವವರದ್ದನ್ನು ಉಜ್ಜಿ ನನ್ನ ಭುಜ ಬಿದ್ದುಹೋಗುತ್ತಿತ್ತು.

ಅಂಥ ಒಂದು ಭಾನುವಾರ ಮೂಡಿಗೆರೆಯ ಕಡೆಯ ದೊಡ್ಡ ಎಸ್ಟೇಟಿನ ಚಂದ್ರಯ್ಯನವರು ಬಂದರು. ಎಪ್ಪತ್ತು ದಾಟಿದ ಹಿರಿಯರು. ಅವರ ಬೇಟೆಯ ಕಥೆಗಳನ್ನು ನಾವು ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದವರು. ನನ್ನ ಕೆರೆ ಏರಿಯ ಸಲಗದ ಕಥೆಗೆ ಕಾಲುಭಾಗ ಸಾಮಗ್ರಿ ಒದಗಿಸಿದ್ದೂ ಅವರೇ. ಜೊತೆಯಲ್ಲಿ ಹೊಸದಾಗಿ ಮದುವೆಯಾದ ಅಳಿಯ. "ನಲವತ್ತು ವರ್ಷದ ಸೀಸ ಇರಬೇಕು ನೋಡಿ ಇವರೇ" ಎಂದು ಕೋವಿ ಕೊಟ್ಟರು. ನಾನು ಬಿಡಿಸಿ ಬೆಳಕಿಗೆ ಹಿಡಿದೆ. ಎರಡೂ ನಳಿಗೆಗಳು ಫಳಫಳ ಎನ್ನುತ್ತಿದ್ದವು. ಅಂಗಡಿಯಲ್ಲಿ ಹಚ್ಚಿ ಕೊಟ್ಟ ಗ್ರೀಸು ಒಂದು ಕಡೆ ಒಣಗಿ ಹಾಗೆಯೇ ನಿಂತಿತ್ತು. ನಾನು ಕಣ್ಣು ತೆಗೆದು ಅವರನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ತಮ್ಮ ಕೋಲಿನ ಹಿಡಿಯನ್ನು ನೋಡುತ್ತಿದ್ದರು. ಅಳಿಯ, "ತುಂಬಾ ಇದೆಯಾ ಸಾರ್" ಎಂದು ಕುತೂಹಲದಿಂದ ಮುಂದಕ್ಕೆ ಬಾಗಿದ. ನಾನು ನಳಿಗೆಯನ್ನು ಅವನಿಗೆ ಕಾಣದ ಹಾಗೆ ತೊಡೆಯ ಮೇಲೆ ಮಲಗಿಸಿ, "ತುಂಬಾ. ಹೊತ್ತು ಹಿಡೀತದೆ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದೆ. ಬ್ರಷ್ಷಿಗೆ ತಂತಿ ಸುತ್ತದೆ, ಬರೀ ಬಟ್ಟೆ ಕಟ್ಟಿ, ಇಲ್ಲದ ಸೀಸವನ್ನು ಒಂದು ಗಂಟೆ ಉಜ್ಜಿದೆ. ಚಂದ್ರಯ್ಯನವರು ಮೊದಲು ಸಣ್ಣ ದನಿಯಲ್ಲಿ, ಆಮೇಲೆ ದನಿಯೇರಿಸಿ ಅಳಿಯನಿಗೆ ತಮ್ಮ ಹಳೆಯ ಹಂದಿಯ ಕಥೆ ಹೇಳತೊಡಗಿದರು. ವಯಸ್ಸಾಗಿದೆ, ಮರೆವು. ಆ ಕಥೆಯಲ್ಲಿ ಹಂದಿ ಎರಡು ಸಲ ಸತ್ತಿತು. ನಾನು ಗಜ ಎಳೆಯುತ್ತ ಎರಡು ಸಲವೂ ತಲೆಯಾಡಿಸಿದೆ.